ರಾಯನಗೌಡರ ಖಾದಿ ಶಲ್ಯ

ಸಾವಿರದ ಒಂಬೈನೂರಾ ಮೂವತ್ತೆಂಟರ ಸುಮಾರಿಗೆ ನಾನು ಗೋಕಾಕದಲ್ಲಿ ಒಂದು ವಾರಪತ್ರಿಕೆಯ ಸಂಪಾದಕನಾಗಿದ್ದೆ. ಸಂಪಾದಕ ಎಂದ ಕೂಡಲೇ ದೊಡ್ಡ ಖುರ್ಚಿ, ತಲೆಯ ಮೇಲೆ ಪಂಖಾ ಕಲ್ಪಿಸಿಕೊಳ್ಳಬೇಡಿ. ಬರೆಯುವವನೂ ನಾನೇ, ಸೀಸದ ಅಚ್ಚುಮೊಳೆ ಜೋಡಿಸುವವನೂ ನಾನೇ, ಕಾಲಿನಿಂದ ತುಳಿದು ಓಡಿಸುವ ಟ್ರೆಡಲ್ ಯಂತ್ರದ ಎತ್ತೂ ನಾನೇ. ಅದಕ್ಕೂ ಮೊದಲು ಎಂಟು ವರ್ಷ ನೂಲಿನ ಗಿರಣಿಯಲ್ಲಿ ನೂಲು ಪರೀಕ್ಷೆಯ ಕೆಲಸದಲ್ಲಿದ್ದೆ. ನಮ್ಮದು ಮಗ್ಗದ ಮನೆತನ, ಆದ್ದರಿಂದ ಎಳೆ ಮುಟ್ಟಿದರೆ ಅದರ ಕುಲಗೋತ್ರ ಹೇಳುವ ಕೈ ಹುಟ್ಟಿನಿಂದಲೇ ಬಂದಿತ್ತು.

ಆ ವರ್ಷ ಲೋಕಲ್ ಬೋರ್ಡಿನ ಚುನಾವಣೆ ಬಂತು. ರಸ್ತೆ, ಸಾಲಿ, ಬಾವಿ ನೋಡಿಕೊಳ್ಳುವ ಬೋರ್ಡು ಅದು. ಹುಕ್ಕೇರಿ ಕಡೆಯ ಕೆಲವು ಊರು, ಗೋಕಾಕ ಕಡೆಯ ಕೆಲವು ಊರು ಸೇರಿಸಿದ ಒಂದು ಕ್ಷೇತ್ರದಲ್ಲಿ ಇಬ್ಬರು ನಿಂತರು. ಒಬ್ಬರು ಕಲ್ಲಪ್ಪ ಮಾಸ್ತರರು, ಪಾಪದ ಮನುಷ್ಯ. ಇನ್ನೊಬ್ಬರು ಹುಕ್ಕೇರಿ ತಾಲೂಕಿನ ಒಂದು ಹಳ್ಳಿಯ ಹಳೆಯ ಪೊಲೀಸ್ ಪಾಟೀಲ ರಾಯನಗೌಡರು. ಆ ಹೆಸರು ಉಮೇದುವಾರರ ಯಾದಿಯಲ್ಲಿ ಓದಿದ ದಿನ ನಾನು ಊಟ ಮಾಡಲಿಲ್ಲ. ಹಸಿವೆ ಇರಲಿಲ್ಲವೆಂದಲ್ಲ. ಕಡೆಗೂ ಕೈಗೆ ಸಿಕ್ಕರಲ್ಲ ಎಂಬ ಖುಷಿಗೆ ಅನ್ನ ಇಳಿಯಲಿಲ್ಲ.

ಯಾಕೆಂದು ಹೇಳುತ್ತೇನೆ. ನನ್ನ ಅಣ್ಣ ಗಂಗಪ್ಪ ಚಳವಳಿಯವನು, ಹೆಗಲ ಮೇಲೆ ಗಂಟು ಹೊತ್ತು ಹಳ್ಳಿ ಹಳ್ಳಿಗೆ ಖಾದಿ ಮಾರುತ್ತಿದ್ದ. ಆರು ವರ್ಷದ ಹಿಂದೆ ಆ ಹಳ್ಳಿಯ ಚಾವಡಿಗೆ ಯಾರೋ ಬೆಂಕಿ ಹಚ್ಚಿದರು, ಸರಕಾರದ ಕಾಗದಪತ್ರ ಸುಟ್ಟವು. ಊರಿನ ಪೊಲೀಸ್ ಪಾಟೀಲ ನೀನು, ಹೆಸರು ಹೇಳು ಎಂದು ಮೇಲಿನ ಅಧಿಕಾರಿಗಳು ಗೌಡರ ಮೇಲೆ ಕೂತರು. ಗೌಡರು ಕೋರ್ಟಿನ ಕಟಕಟೆ ಹತ್ತಿ, "ಖಾದಿ ಮಾರುವ ಗಂಗಪ್ಪ ಬೆಂಕಿ ಹಚ್ಚಿದ್ದನ್ನು ನನ್ನ ಕಣ್ಣಾರೆ ಕಂಡೇನಿ" ಅಂದರು. ಆ ದಿನ ಗಂಗಪ್ಪ ಗೋಕಾಕದ ನಮ್ಮ ಮನೆಯಲ್ಲಿ ಜ್ವರದಿಂದ ಬಿದ್ದಿದ್ದ. ಹಣೆಗೆ ತಣ್ಣೀರ ಬಟ್ಟೆ ಹಾಕಿದವನು ನಾನು. ನನ್ನ ಮಾತು ಒಡಹುಟ್ಟಿದವನ ಮಾತೆಂದು ಕೋರ್ಟು ತೆಗೆದುಹಾಕಿತು. ಎರಡು ವರ್ಷ ಸಕ್ತ ಸಜೆ ಆಯಿತು. ಜೇಲಿನಿಂದ ಬಂದವನು ಕೆಮ್ಮುತ್ತ ಬಂದ, ಆರು ತಿಂಗಳಲ್ಲಿ ಹೋದ. ಅವನ ಹೆಂಡತಿ ತಂಗೆವ್ವ ವೈನಿ ತವರು ಬೆಲ್ಲದ ಬಾಗೇವಾಡಿಗೆ ಹೋಗಿ ಮಗ್ಗ ಹಾಕಿಕೊಂಡಳು. ಮೂರು ವರ್ಷ ನಾನು ಆ ಕಡೆ ಮುಖ ಹಾಕಲಿಲ್ಲ. ಯಾವ ಮುಖ ಹಾಕಲಿ? ನನ್ನ ಸಾಕ್ಷಿಗೆ ಅಣ್ಣನನ್ನು ಉಳಿಸುವ ತಾಕತ್ತಿರಲಿಲ್ಲ.

ಈಗ ಅದೇ ಗೌಡರು ಅಡಿಯಿಂದ ಮುಡಿಯತನಕ ಖಾದಿ! ರುಮಾಲು ಖಾದಿ, ಅಂಗಿ ಖಾದಿ, ಧೋತರ ಖಾದಿ. "ನಾನು ಕೊಟ್ಟ ಹತ್ತಿ, ನಮ್ಮ ಕಡೆಯ ಹೆಣ್ಣುಮಕ್ಕಳ ನೂಲು, ನಮ್ಮ ಕಡೆಯ ಮಗ್ಗ" ಎಂದು ಊರೂರಿನ ಭಾಷಣದಲ್ಲಿ ಎದೆ ಮುಟ್ಟಿಕೊಂಡು ಹೇಳುವುದು. ಆಗಿನ ಕಾಲಕ್ಕೆ ಓಟು ಬೀಳುತ್ತಿದ್ದದ್ದು ಮನುಷ್ಯನಿಗಲ್ಲ, ಅರಿವೆಗೆ. ಮಂದಿ "ಗೌಡ್ರು ಬದಲಾಗ್ಯಾರ" ಅನ್ನತೊಡಗಿದರು. ನನಗೆ ಅಂಗಾಲಿನಿಂದ ನೆತ್ತಿಗೆ ಬೆಂಕಿ ಏರುತ್ತಿತ್ತು. ಆದರೆ ಸಾಕ್ಷಿ ಸುಳ್ಳು ಎಂದು ಬರೆಯುವಂತಿಲ್ಲ. ಕೋರ್ಟು ಒಪ್ಪದ್ದನ್ನು ಅಚ್ಚು ಹಾಕಿದರೆ ಅದಕ್ಕೆ ಲೈಬೆಲ್ ಎನ್ನುತ್ತಾರೆ. ಮಾನಹಾನಿಯ ಖಟ್ಲೆ ಬಿದ್ದು ಪ್ರೆಸ್ಸಿಗೆ ಕೀಲಿ ಬೀಳುತ್ತದೆ. ಹೀಗಾಗಿ ವಾರವಾರ 'ಚುನಾವಣೆಯ ಚಾವಡಿ' ಎಂಬ ಅಂಕಣದಲ್ಲಿ ಅವರ ರುಮಾಲು, ಮೀಸೆ, ನಡಿಗೆ ಎಲ್ಲವನ್ನೂ ಚುಚ್ಚಿದೆ. ನಿಷ್ಪಕ್ಷಪಾತ ಗಿಷ್ಪಕ್ಷಪಾತ ಏನೂ ಇರಲಿಲ್ಲ. ಮಾಸ್ತರರು ಕೆಮ್ಮಿದರೂ ಭಾಷಣ, ಗೌಡರು ಭಾಷಣ ಮಾಡಿದರೂ ಕೆಮ್ಮು. ಹಾಗೆ ಬರೆದೆ.

ಅದರಿಂದ ಗೌಡರಿಗೆ ಸೊಳ್ಳೆ ಕಚ್ಚಿದಷ್ಟೂ ಆಗಲಿಲ್ಲ. ಒಂದು ಸೋಮವಾರ ಅವರೇ ನಾಲ್ಕು ಮಂದಿಯನ್ನು ಕಟ್ಟಿಕೊಂಡು ಪ್ರೆಸ್ಸಿಗೆ ಬಂದರು. ಮುನಿದವರನ್ನು ಸಮಾಧಾನ ಮಾಡುವಾಗ ಶಲ್ಯ ಹೊದಿಸುವುದು ನಮ್ಮ ಕಡೆಯ ರೂಢಿ. ತಮ್ಮ ಹೆಗಲ ಮೇಲಿನ ಶಲ್ಯವನ್ನೇ ತೆಗೆದು ನನಗೆ ಹೊದಿಸಿದರು.

"ಸಂಪಾದಕರ, ಬೈಯ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಈ ಅರಿವಿಗಿ ಮರ್ಯಾದಿ ಕೊಡ್ರಿ. ದೇಶದ ಅರಿವಿ ಐತಿ" ಅಂದರು.

ನನ್ನ ಅಣ್ಣನನ್ನು ತಿಂದ ಕೈ ನನ್ನ ಹೆಗಲ ಮೇಲೆ! ನನ್ನ ಸಾಕ್ಷಿಯ ದಿನ ಅವರು ಕೋರ್ಟಿನಲ್ಲಿರಲಿಲ್ಲ, ನಾನು ಯಾರ ತಮ್ಮ ಎಂಬುದು ಅವರಿಗೆ ಗೊತ್ತೇ ಇರಲಿಲ್ಲ. ನಾನು ನಕ್ಕೆ, ಚಹಾ ತರಿಸಿದೆ, ಕಳಿಸಿದೆ. ಮನುಷ್ಯ ಹೊರಗೆ ಹೋದ ಮೇಲೆ ಶಲ್ಯವನ್ನು ಮೂಲೆಗೆ ಬಿಸಾಡಲು ಎತ್ತಿದಾಗ ಅದರ ಅಂಚು ಬೆರಳಿಗೆ ಹತ್ತಿತು. ಬೆರಳು ಅಲ್ಲಿಯೇ ನಿಂತಿತು.

ಖಾದಿ ಕೈನೂಲಿನದೇ ಆಗಿರಬೇಕು. ಕೈನೂಲು ಎಂದರೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ನೂಲುವವಳ ಉಸಿರು, ಬೇಸರ, ನಿದ್ದೆ ಎಲ್ಲ ಅದರೊಳಗೆ ಇರುತ್ತವೆ. ಗಿರಣಿಯ ನೂಲಿಗೆ ಅಂಥ ಚಿಂತೆ ಇಲ್ಲ, ಉದ್ದಕ್ಕೂ ಒಂದೇ ಸಮ. ಒಂದು ಎಳೆ ಹಿರಿದು, ಗಿರಣಿಯಲ್ಲಿ ಮಾಡುತ್ತಿದ್ದಂತೆ ಕರಿ ಹಲಗೆಯ ಮೇಲೆ ಒತ್ತೊತ್ತಾಗಿ ಸುತ್ತಿದೆ. ಗಂಟಿಲ್ಲ, ಉಬ್ಬಿಲ್ಲ, ಗೆರೆ ಎಳೆದಂತೆ ಸಪಾಟು. ಹುರಿ ಬಿಚ್ಚಿ ನೋಡಿದೆ, ಅದೂ ಒಂದೇ ಲೆಕ್ಕ. ಹಾಸೂ ಗಿರಣಿಯದು, ಹೊಕ್ಕೂ ಗಿರಣಿಯದು. ಸಿಕ್ಕಿದಿ ಮಗನ! ಎಂದು ಒಬ್ಬನೇ ಕೂಗಿದೆ.

ಅದು ಯಾರ ಮಗ್ಗದ್ದು, ನೂಲು ಎಲ್ಲಿಂದ ಬಂತು, ಕೇಳಲಿಲ್ಲ. ಕೇಳಬೇಕಿತ್ತು. ಪತ್ರಿಕೆಯವನ ಮೊದಲ ಕೆಲಸ ಅದು. ಕೈಯಲ್ಲಿ ಕೋಲು ಬಂದಾಗ ಯಾವ ಗಿಡದ ಕೋಲು ಎಂದು ಯಾರು ಕೇಳುತ್ತಾರೆ? ಶುಕ್ರವಾರದ ಸಂಚಿಕೆಯ ಮೊದಲ ಪುಟದಲ್ಲಿ 'ಗಿರಣಿಯ ಖಾದಿ, ಗೌಡರ ದೇಶಭಕ್ತಿ' ಎಂದು ದಪ್ಪ ಮೊಳೆಯಲ್ಲಿ ಹಾಕಿದೆ. ಗೌಡರು ಬೇಕೆಂದೇ ಜನರ ಕಣ್ಣಿಗೆ ಮಣ್ಣೆರಚಿದ್ದಾರೆ ಎಂದು ಬರೆದೆ. ಶಲ್ಯವನ್ನೂ ಕರಿ ಹಲಗೆಯನ್ನೂ ಪ್ರೆಸ್ಸಿನ ಬಾಗಿಲಿಗೆ ತೂಗುಹಾಕಿ, ನೂಲು ಬಲ್ಲವರು ಬಂದು ನೋಡಿ ಎಂದೆ.

ನಮ್ಮ ಸೀಮೆಯಲ್ಲಿ ನೂಲು ಬಲ್ಲವರಿಗೇನು ಬರ! ಮಗ್ಗದವರು, ಗಿರಣಿಯವರು, ಅರಳೆ ವ್ಯಾಪಾರದವರು ಸಾಲುಗಟ್ಟಿ ಬಂದು ಎಳೆ ಹಿರಿದು ನೋಡಿದರು. "ಖರೇ ಐತಿ ಬಿಡ್ರಿ, ಗಿರಣೀದ" ಅಂದರು. ಎರಡೇ ದಿನದಲ್ಲಿ ಮೂಡಲಗಿಯ ಸಂತೆಯಿಂದ ಸಂಕೇಶ್ವರದ ಪೇಟೆಯತನಕ ಅವರಿಗೆ 'ಗಿರಣಿಗೌಡ' ಎಂದು ಹೆಸರು ಬಿತ್ತು. ತುಕ್ಕಾನಟ್ಟಿಯ ಸಭೆಯಲ್ಲಿ ಅವರು ಎದ್ದು ನಿಲ್ಲುತ್ತಿದ್ದಂತೆ ಹಿಂದಿನಿಂದ ಯಾರೋ, "ಗೌಡ್ರ, ಗಿರಣಿ ಭೋಂಗಾ ಊದಿತ್ರಿ, ಪಾಳಿ ಮುಗೀತು, ಮನೀಗಿ ನಡೀರಿ" ಅಂದರಂತೆ. ಸಭೆ ಅಲ್ಲಿಗೇ ಮುಗಿಯಿತು. ಕೇಳಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಮರುದಿನ ಗೌಡರು ಮತ್ತೆ ಬಂದರು. ಈ ಸಲ ಹಿಂದೆ ಮಂದಿ ಇರಲಿಲ್ಲ. ಕಣ್ಣು ಕೆಂಪಾಗಿದ್ದವು.

"ನನ್ನ ಹಡದವ್ವನ ಆಣಿ, ನನಗ ಗೊತ್ತಿರಲಿಲ್ಲ. ನಾ ಹತ್ತಿ ಕೊಟ್ಟೇನಿ. ಬೆಲ್ಲದ ಬಾಗೇವಾಡಿಯೊಳಗ ತಂಗೆವ್ವ ಅಂತ ಒಬ್ಬಾಕಿ ಅದಾಳ, ಮೂರು ವರ್ಷದಿಂದ ನನ್ನ ಅರಿವಿ ಆಕೀನ ನೂತು ಆಕೀನ ನೇಯ್ತಾಳ. ಹೋಗಿ ಕೇಳ್ರಿ. ಗೊತ್ತಿದ್ದು ಉಟ್ಟಿಲ್ಲ ಅಂತ ನಾಕು ಸಾಲು ಬರದು ಹಾಕ್ರಿ, ಸಾಕು."

ತಂಗೆವ್ವ! ನನ್ನ ವೈನಿ! ಕೇಳಿ ಹೇಳುತ್ತೇನೆ, ಬುಧವಾರ ಬರ್ರಿ ಎಂದಷ್ಟೇ ಹೇಳಿ ಕಳಿಸಿದೆ. ಮತದಾನಕ್ಕೆ ಎಂಟೇ ದಿನ ಉಳಿದಿದ್ದವು. ನನ್ನ ಕೈಯಲ್ಲಿ ಇನ್ನೊಂದೇ ಸಂಚಿಕೆ.

ಬಾಗೇವಾಡಿಯಲ್ಲಿ ವೈನಿ ಕುಣಿ ಮಗ್ಗದಲ್ಲಿ ಕೂತಿದ್ದಳು. ನನ್ನನ್ನು ನೋಡಿ ಲಾಳಿ ನಿಲ್ಲಿಸಿದಳು. ಮೂರು ವರ್ಷ ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ನೀರು ಬೆಲ್ಲ ಕೊಟ್ಟಳು. ನಾನು ನೇರ ಕೇಳಿದೆ.

"ವೈನಿ, ಯಾರ ಅರಿವಿ ನೇಯಾಕತ್ತೀರಿ ಅನ್ನೂದು ನಿಮಗ ಗೊತ್ತಿತ್ತೇನು?"

"ಗೊತ್ತಿಲ್ದ ಏನ? ನಾ ಯಾರಂತ ಅವಗ ಗೊತ್ತಿರಲಿಲ್ಲ, ಅಷ್ಟ."

ಆಮೇಲೆ ಆಕೆ ಹೇಳಿದ್ದನ್ನು ನಾನು ಇಂದಿಗೂ ಮರೆತಿಲ್ಲ. "ನಿಮ್ಮಣ್ಣ ಸತ್ತ ವರ್ಷಾನ ಈ ಗೌಡನ ಮನಿಯಿಂದ ಹತ್ತಿ ಬಂತು. ಗೌಡ್ರು ಇನ್ನ ಮ್ಯಾಲೆ ಖಾದೀನ ಉಡತಾರ, ನೇಯ್ದು ಕೊಡು ಅಂದ್ರು. ನನ್ನ ಗಂಡನ್ನ ತಿಂದವ ನನ್ನ ಗಂಡನ ಅರಿವಿ ಉಡತಾನಂತ! ಕೈ ಏಳಲಿಲ್ಲ ನೋಡು. ಸಂತ್ಯಾಗ ಗಿರಣಿ ನೂಲು ತಂದು ನೇಯ್ದು ಕಳಿಸಿದೆ. ಅವನ ಹತ್ತಿ ನೂತು, ಜೇಲಿಗೆ ಹೋಗಿ ಬಂದ ಮಂದಿಗೆ ಧೋತರ ಮಾಡಿ ಕೊಟ್ಟೆ. ಒಂದಿಲ್ಲೊಂದು ದಿನ ಯಾರರ ಎಳಿ ಹಿರಿದು ನೋಡತಾರ ಅಂತ ಕಾದೆ. ನೀನ ನೋಡಿದಿ, ಚಲೋ ಆತು."

"ಖರೇ ಬರದ್ರ ನಿಮ್ಮ ಹೆಸರು ಬರ್ತೈತಿ ವೈನಿ."

"ಬರಲಿ! ನಾನ ಮಾಡೇನಿ ಅಂತ ಬರಿ. ಯಾಕ ಮಾಡೇನಿ ಅನ್ನೂದೂ ಬರಿ. ನಿಮ್ಮಣ್ಣ ಬೆಂಕಿ ಹಚ್ಚಿಲ್ಲ, ಅವ ಸುಳ್ಳು ಸಾಕ್ಷಿ ಹೇಳಿದಾ, ಅದಕ್ಕ ಅವನ ಹೇಂತಿ ಹಿಂಗ ಮಾಡಿದಳು ಅಂತ ಬರಿ. ನನ್ನ ಹೆಬ್ಬೆಟ್ಟು ಬೇಕಾದ್ರ ಒತ್ತತೇನಿ. ನನಗೇನ ಅಂಜಿಕಿ?"

ದಾರಿಯುದ್ದಕ್ಕೂ ಚಕ್ಕಡಿಯಲ್ಲಿ ಕೂತು ಲೆಕ್ಕ ಹಾಕಿದೆ. ವೈನಿ ಹೇಳಿದಂತೆ ಬರೆದರೆ ಗೌಡರು ಖಾದಿಯ ವಿಷಯದಲ್ಲಿ ನಿರ್ದೋಷಿ ಆಗುತ್ತಾರೆ. ಪಾಪ, ಒಬ್ಬ ಹೆಂಗಸು ಮೋಸ ಮಾಡಿದಳು ಎಂದು ಮಂದಿ ಮರುಗುತ್ತಾರೆ. ಮರುಕದ ಓಟು ಗಾಡಿಗಟ್ಟಲೆ ಬೀಳುತ್ತದೆ. ಅವರು ಗೆದ್ದು ಬೋರ್ಡಿನ ಖುರ್ಚಿಯಲ್ಲಿ ಕೂಡುವುದನ್ನು ನೋಡುವ ಶಕ್ತಿ ನನ್ನಲ್ಲಿರಲಿಲ್ಲ. ಲೈಬೆಲ್ಲಿನ ಅಂಜಿಕೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅದು ಎರಡನೆಯದು. ಮೊದಲನೆಯದು, ನನಗೆ ಅವರ ಸೋಲು ಬೇಕಾಗಿತ್ತು.

ಬುಧವಾರ ಗೌಡರು ಬಂದಾಗ ಅವರ ಮುಂದೆ ಕಾಗದ, ಲೇಖಣಿ ಇಟ್ಟೆ.

"ನಿಮ್ಮ ನಾಕು ಸಾಲು ಹಾಕತೇನಿ. ಅದಕ್ಕೂ ಮೊದಲ, ಗಂಗಪ್ಪನ ಖಟ್ಲೆದಾಗ ನೀವು ಹೇಳಿದ ಸಾಕ್ಷಿ ಸುಳ್ಳಂತ ನಿಮ್ಮ ಕೈಯಾರೆ ಬರದು ಕೊಡ್ರಿ. ಎರಡೂ ಬಾಜೂ ಬಾಜೂ ಅಚ್ಚಾಗಲಿ."

"ಯಾವ ಗಂಗಪ್ಪ?" ಅಂದರು ಗೌಡರು.

ನಾಟಕ ಅಲ್ಲ ಅದು. ನಿಜವಾಗಿಯೂ ನೆನಪಿರಲಿಲ್ಲ. ಅಯ್ಯ ಶಿವನೆ, ಒಬ್ಬ ಮನುಷ್ಯನನ್ನು ಮಣ್ಣಿಗೆ ಹಾಕಿ ಹೆಸರನ್ನೂ ಮರೆತಿದ್ದರು! ನಾನು ಒಂದೊಂದಾಗಿ ಹೇಳಿದೆ: ಚಾವಡಿ, ಬೆಂಕಿ, ಕಟಕಟೆ, ಕೆಮ್ಮು. ಕಡೆಗೆ, ನಾನು ಅವನ ತಮ್ಮ ಎಂದೆ. ಗೌಡರ ಮುಖ ಕಪ್ಪಿಟ್ಟಿತು. ಲೇಖಣಿ ಎತ್ತಿಕೊಂಡರು, ಮಸಿಯಲ್ಲಿ ಅದ್ದಿದರು. ಆಮೇಲೆ ಕೆಳಗಿಟ್ಟು ಎದ್ದು ಹೋದರು. ಬಾಗಿಲಲ್ಲಿ ತಮ್ಮದೇ ಶಲ್ಯ ಮುಖಕ್ಕೆ ಬಡಿಯಿತು, ಸರಿಸಿಕೊಂಡು ಹೋದರು.

ಚಳವಳಿಯ ದಿನಗಳಲ್ಲಿ ಸರಕಾರ ಬೇಡವೆಂದ ಸುದ್ದಿಯ ಜಾಗವನ್ನು ನಮ್ಮ ಪತ್ರಿಕೆಯಲ್ಲಿ ಖಾಲಿ ಬಿಡುತ್ತಿದ್ದೆವು. ಓದುವವರು ಆ ಬಿಳಿ ಜಾಗವನ್ನೇ ಓದಿ ಅರ್ಥ ಮಾಡಿಕೊಳ್ಳುತ್ತಿದ್ದರು. ಆ ಶುಕ್ರವಾರ ನಾನು ಅದನ್ನೇ ಮಾಡಿದೆ. 'ಖಾದಿಯ ಬಗ್ಗೆ ಶ್ರೀ ರಾಯನಗೌಡರ ಉತ್ತರ' ಎಂದು ತಲೆಬರಹ ಹಾಕಿ, ಕೆಳಗೆ ಒಂದು ಇಡೀ ಕಾಲಂ ತುಂಬ ಕ್ವಾಡ್ ತುಂಬಿದೆ. ಕ್ವಾಡ್ ಎಂದರೆ ಮಸಿ ಹತ್ತದ, ತಗ್ಗಾದ ಸೀಸದ ತುಂಡು. ಅಚ್ಚಾದಾಗ ತಲೆಬರಹದ ಕೆಳಗೆ ಬೆಳ್ಳಗೆ ಬಟಾಬಯಲು. ಅವರು ಆಣೆ ಮಾಡಿ ಹೇಳಿದ ಉತ್ತರ ನನ್ನ ಕಿವಿಯಲ್ಲಿತ್ತು. ಅದು ಖರೆ ಎಂದು ವೈನಿಯ ಬಾಯಿಂದಲೇ ಕೇಳಿ ಬಂದಿದ್ದೆ. ಹಾಗಿದ್ದೂ ಖಾಲಿ ಬಿಟ್ಟೆ.

ಆ ಖಾಲಿ ಜಾಗ ಅವರನ್ನು ಮುಗಿಸಿತು. "ಉತ್ತರ ಕೊಡಾಕ ಬಾಯಿಲ್ಲ ನೋಡ್ರಿ" ಎಂದು ಕಟ್ಟೆಕಟ್ಟೆಯ ಮೇಲೆ ಮಂದಿ ಪತ್ರಿಕೆ ಬಿಡಿಸಿ ತೋರಿಸಿದರು. ಸೋಮವಾರ ಮತದಾನವಾಯಿತು. ಗೌಡರ ಸ್ವಂತ ಹಳ್ಳಿಯೂ ಮಾಸ್ತರರ ಕಡೆ ಹೊರಳಿತು. ಗೌಡರು ಮತ್ತೆ ಎಂದೂ ಸಂತೆಗೆ ಬರಲಿಲ್ಲ, ಮತ್ತೆ ಎಂದೂ ಬಿಳಿ ಅರಿವೆ ಉಡಲಿಲ್ಲ. ಇನ್ನು ಗೆದ್ದ ಮಾಸ್ತರರು ಮೂರು ವರ್ಷ ಬೋರ್ಡಿನಲ್ಲಿ ಬಾಯಿ ತೆರೆದದ್ದು ಆಕಳಿಸಲಿಕ್ಕೆ ಮಾತ್ರ. ಅದನ್ನೂ ನಾನೇ ಬರೆದೆ.

ಫಲಿತಾಂಶ ಬಂದ ಮರುದಿನ ಪೇಢೆಯ ಪುಡಿಕೆ, ಪತ್ರಿಕೆ ಹಿಡಿದುಕೊಂಡು ಬಾಗೇವಾಡಿಗೆ ಓಡಿದೆ. "ವೈನಿ, ಮಣ್ಣು ಮುಕ್ಕಿಸಿದೆ ಅವನ್ನ" ಅಂದೆ. ಆಕೆಗೆ ಓದಲು ಬರುತ್ತಿರಲಿಲ್ಲ. ಪತ್ರಿಕೆಯನ್ನು ಮಗ್ಗದ ಮೇಲೆ ಹಾಸಿದಳು.

"ಇದರಾಗ ನಿಮ್ಮಣ್ಣನ ಹೆಸರು ಎಲ್ಲೈತಿ? ತೋರಸು, ಒಮ್ಮಿ ಮುಟ್ಟತೇನಿ."

ಅವನ ಹೆಸರು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಆಕೆ ಬಿಳಿ ಕಾಲಮ್ಮಿನ ಮೇಲೆ ಬೆರಳಿಟ್ಟು, "ಇಲ್ಲಿ ಯಾಕ ಏನೂ ಇಲ್ಲ?" ಅಂದಳು. ನಾನು ಪುಡಿಕೆ ಬಿಚ್ಚಿ ಮುಂದೆ ಹಿಡಿದೆ. ಪೇಢೆ ಆಕೆ ಮುಟ್ಟಲಿಲ್ಲ. ಪತ್ರಿಕೆ ಮಡಿಚಿ ನನ್ನ ಕೈಗೇ ಕೊಟ್ಟು ಲಾಳಿ ಒಗೆಯತೊಡಗಿದಳು.

ಮೂವತ್ತು ವರ್ಷ ಮೊಳೆ ಜೋಡಿಸಿದ ಮೇಲೆ ಒಂದು ಮಾತು ಹೇಳುವ ಹಕ್ಕು ನನಗಿದೆ. ಸೇಡು ಬೇಡ ಎಂದು ನಾನು ಯಾರಿಗೂ ಬುದ್ಧಿ ಹೇಳುವುದಿಲ್ಲ. ರಾಯನಗೌಡರು ಸೋತ ದಿನದ ಸುಖ ಈಗಲೂ ನನ್ನ ನಾಲಗೆಯ ಮೇಲಿದೆ, ಇಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಹೊಡೆಯುವುದಾದರೆ ಮನುಷ್ಯ ಮಾಡಿದ ತಪ್ಪಿಗೇ ಹೊಡೆಯಬೇಕು. ಮಾಡದ ತಪ್ಪಿಗೆ ಹೊಡೆದರೆ ಮಾಡಿದ ತಪ್ಪು ಬಚಾವಾಗಿ ಹೋಗುತ್ತದೆ. ಹುಕ್ಕೇರಿ ಕಡೆಯ ಮುದುಕರು ಇಂದಿಗೂ ಗಿರಣಿಗೌಡನ ಕಥೆ ಹೇಳಿ ನಗುತ್ತಾರೆ. ಸರಕಾರದ ದಫ್ತರಿನಲ್ಲಿ ನನ್ನ ಅಣ್ಣ ಇಂದಿಗೂ ಚಾವಡಿ ಸುಟ್ಟವನೇ. ಅದು ಸುಳ್ಳು ಎಂದು ಜಗತ್ತಿಗೆ ಹೇಳಲು ಒಂದು ಹೆಬ್ಬೆಟ್ಟು ತಯಾರಿತ್ತು, ಒಂದು ಇಡೀ ಕಾಲಂ ಜಾಗ ಇತ್ತು. ಅದನ್ನು ಖಾಲಿ ಬಿಟ್ಟವನು ಗೌಡನಲ್ಲ, ನಾನು.