ರಾಣಿಗೆ ತಪ್ಪು ಪಾಠ

ನಾಟಕ ತಂಡದಲ್ಲಿ ಅವಳನ್ನು ಎಲ್ಲರೂ ಹೊಲಿಗೆಯಮ್ಮ ಎಂದೇ ಕರೆಯುತ್ತಿದ್ದರು. ಹದಿನಾಲ್ಕು ವರ್ಷದ ಹಿಂದೆ ಪಾತ್ರ ಕೇಳಿಕೊಂಡು ಬಂದವಳ ಕೈಗೆ ನಿರ್ದೇಶಕರು ಸೂಜಿ ಕೊಟ್ಟು, "ಸದ್ಯಕ್ಕೆ ಈ ನಿಲುವಂಗಿಯ ಅಂಚು ಹೊಲಿದುಕೊಡಮ್ಮ" ಎಂದಿದ್ದರು. ಆ 'ಸದ್ಯಕ್ಕೆ' ಇನ್ನೂ ಮುಗಿದಿರಲಿಲ್ಲ. ರಂಗದ ಹಿಂದಿನ ಕಿರುಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಲೇ ಅಂಕ, ದೃಶ್ಯ, ನೇಪಥ್ಯ ಎಂಬ ಮಾತುಗಳನ್ನೆಲ್ಲ ಕಿವಿಯಿಂದಲೇ ಕಲಿತಿದ್ದಳು. ಆದರೆ ಅವಳನ್ನು ಕೇಳುವವರು ಯಾರು?

ಈ ವರ್ಷ ಅವಳ ನಾದಿನಿಯೂ ತಂಡ ಸೇರಿದಳು. ಎರಡನೇ ವಾರಕ್ಕೇ ರಾಣಿಯ ಪಾತ್ರ! ಮನೆಯಲ್ಲಿ ಗಂಡನಿಗೂ ತಂಗಿಯದೇ ಜಪ. ರಾಣಿಯ ಉಡುಪಿಗೆ ಅಳತೆ ತೆಗೆಯುವಾಗ ಹೊಲಿಗೆಯಮ್ಮನ ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದ ಹಾಗಾಯಿತು.

"ಅತ್ತಿಗೆ, ನನ್ನ ಒಂದು ಮಾತಿನ ಪಕ್ಕ 'ಸ್ವಗತ' ಅಂತ ಬರೆದಿದೆ, ಇನ್ನೊಂದರ ಪಕ್ಕ 'ಜನಾಂತಿಕ' ಅಂತಿದೆ. ಹಾಗಂದ್ರೇನು? ಎಲ್ಲರ ಮುಂದೆ ಕೇಳೋಕೆ ನಾಚಿಕೆ" ಎಂದಳು ನಾದಿನಿ.

ಸ್ವಗತವೆಂದರೆ ಪಾತ್ರ ತನಗೆ ತಾನೇ ಆಡಿಕೊಳ್ಳುವ ಮಾತು. ಪ್ರೇಕ್ಷಕರಿಗೆ ಕೇಳಿಸುತ್ತದೆ, ರಂಗದ ಮೇಲಿರುವವರಿಗೆ ಕೇಳಿಸುವುದಿಲ್ಲ. ಜನಾಂತಿಕವೆಂದರೆ ರಂಗದಲ್ಲಿರುವ ಒಬ್ಬರ ಕಿವಿಗಷ್ಟೇ ಹೇಳುವ ಗುಟ್ಟು. ಹೊಲಿಗೆಯಮ್ಮನನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಿಯಾಳು. ಅವಳು ತುಟಿಯ ನಡುವಿನ ಗುಂಡುಸೂಜಿ ತೆಗೆದು, ಎರಡನ್ನೂ ಅದಲುಬದಲು ಮಾಡಿ ಹೇಳಿದಳು.

ಮರುದಿನದ ತಾಲೀಮಿನಲ್ಲಿ ಅವಳು ಪರದೆಯ ಮರೆಯಲ್ಲೇ ನಿಂತಿದ್ದಳು. "ವಿಷ ಇಟ್ಟವಳು ನಾನೇ" ಎಂಬುದು ರಾಣಿಯ ಸ್ವಗತ. ನಾದಿನಿ ನೇರ ಸಖಿಯ ಹತ್ತಿರ ಹೋಗಿ, ಅದನ್ನು ಕಿವಿಯಲ್ಲಿ ಪಿಸುಗುಟ್ಟಿದಳು. ಕೂತಿದ್ದವರೆಲ್ಲ ಗೊಳ್ಳೆಂದರು. ಹೊಲಿಗೆಯಮ್ಮನ ಹೊಟ್ಟೆ ತಣ್ಣಗಾಯಿತು.

ನಿರ್ದೇಶಕರು ಕೈ ಎತ್ತಿದರು. "ತಡೀರಿ, ನಗಬೇಡಿ. ಈಗ ಗುಟ್ಟು ಸಖಿಗೂ ಗೊತ್ತಾಯ್ತಲ್ಲ! ಮುಂದಿನ ಅಂಕದಲ್ಲಿ ರಾಜ ಅವಳನ್ನೇ ವಿಚಾರಿಸ್ತಾನೆ. ಆಗ ಅವಳ ಮುಖ ನೋಡಬೇಕು! ಹೀಗೇ ಇರ್ಲಿ. ಯಾರು ಹೇಳಿಕೊಟ್ರಮ್ಮ?"

"ನಮ್ಮ ಅತ್ತಿಗೆ."

ಎಲ್ಲರೂ ಪರದೆಯತ್ತ ತಿರುಗಿ ಚಪ್ಪಾಳೆ ತಟ್ಟಿದರು. ಹದಿನಾಲ್ಕು ವರ್ಷ ಕಾದಿದ್ದ ಚಪ್ಪಾಳೆ, ಕೆನ್ನೆಗೆ ಬಾರಿಸಿದ ಹಾಗೆ ಕೇಳಿಸಿತು.

ಸಂಜೆ ಇಬ್ಬರೂ ನಡೆದು ಮನೆಗೆ ಹೊರಟಾಗ ತಡೆಯಲಾರದೆ ಹೇಳಿಬಿಟ್ಟಳು. "ನಾನು ಬೇಕಂತಲೇ ತಪ್ಪು ಹೇಳಿದ್ದೆ. ನೀನು ನಗೆಪಾಟಲಾಗ್ಲಿ ಅಂತ."

ನಾದಿನಿ ನಿಂತುಬಿಟ್ಟಳು. "ಯಾಕತ್ತಿಗೆ?"

"ಹೊಟ್ಟೆಕಿಚ್ಚು ಕಣೆ, ಇನ್ನೇನು."

ನಾದಿನಿ ಒಂಬತ್ತು ದಿನ ಮಾತು ಬಿಟ್ಟಳು. ಹತ್ತನೆಯ ದಿನ ಪೆನ್ಸಿಲ್ಲು, ನಾಟಕದ ಪ್ರತಿ ಹಿಡಿದು ಕಿರುಕೋಣೆಗೆ ಬಂದಳು. "ಇಂಥ ಉಳಿದ ಮಾತುಗಳ ಅರ್ಥಾನೂ ಹೇಳಿಕೊಡಿ. ಆದ್ರೆ ನಿರ್ದೇಶಕರನ್ನ ಕೇಳಿ ತಾಳೆ ನೋಡಿದ ಮೇಲೇ ನಂಬೋದು."

ಹೊಲಿಗೆಯಮ್ಮ ಯಂತ್ರ ನಿಲ್ಲಿಸಿ, ಸ್ಟೂಲು ಎಳೆದುಕೊಟ್ಟು, ಒಂದೊಂದಾಗಿ ಸರಿಯಾಗಿಯೇ ಹೇಳಿದಳು.

ಹೊಟ್ಟೆಕಿಚ್ಚು ಆರಿತೇ ಎಂದರೆ, ಇಲ್ಲ. ಪ್ರದರ್ಶನದ ದಿನ ಪಕ್ಕದ ಪರದೆಯಿಂದ ನೋಡುತ್ತ, 'ಚೆನ್ನಾಗಿ ಮಾಡ್ತಾಳೆ' ಎಂದು ಒಪ್ಪಿಕೊಳ್ಳಲು ಅವಳಿಗೆ ಕೊನೆಯ ಅಂಕ ಮುಗಿಯಬೇಕಾಯಿತು.