ನಾಲ್ಕರಲ್ಲಿ ಒಂದು ಹೂ ಕಳೆದರೆ

ಬಿಸೆರಾ ಚಿತ್ರ ಬರೆಯಲು ಕಲಿತದ್ದು ಕಾಗದ ದಂಡವಾಗಬಾರದೆಂಬ ಕಾರಣಕ್ಕೆ. ಗಾಬ್ರೊವೊ ಊರಿನ ಸೇತುವೆ ಪಕ್ಕದಲ್ಲಿ ಅವಳ ಅಮ್ಮ ಗಿನ್ಕಾಳದು ಒಂದು ಸಣ್ಣ ಫೋಟೊ ಅಂಗಡಿ. ಗುರುತಿನ ಚೀಟಿಗೆ ಫೋಟೊ ತೆಗೆಯುವುದು ಅಲ್ಲೇ, ಆಸಾಮಿ ತೀರಿಕೊಂಡ ಮೇಲೆ ಬಾಗಿಲಿಗೆ ಅಂಟಿಸುವ ಸಾವಿನ ಹಾಳೆ ಅಚ್ಚಾಗುವುದೂ ಅಲ್ಲೇ. ಎರಡಕ್ಕೂ ಒಂದೇ ಫೋಟೊ ಆಗುತ್ತಿತ್ತು. ಒಬ್ಬ ಗಿರಾಕಿ ಬಂದರೆ ಎರಡು ವ್ಯಾಪಾರ, ಎರಡನೇ ಸಲ ಅವನೇ ಬರುವುದಿಲ್ಲ ಅಷ್ಟೆ, ಎನ್ನುತ್ತಿದ್ದಳು ಗಿನ್ಕಾ. ಅಚ್ಚು ಕೆಟ್ಟ ಹಾಳೆಗಳ ಬೆನ್ನು ಖಾಲಿ ಉಳಿಯುತ್ತಿತ್ತು. ನಮ್ಮೂರಲ್ಲಿ ಖಾಲಿ ಬೆನ್ನನ್ನು ಎಸೆಯುವವರಿಲ್ಲ. ಮಗು ಅದರ ಮೇಲೆ ಕೋಳಿ ಬರೆಯಿತು, ಬೆಕ್ಕು ಬರೆಯಿತು, ಗಿರಾಕಿಗಳ ಮೂಗು ಬರೆಯಿತು.

ಆ ಮಗು ಈಗ ತರ್ನೊವೊ ಪಟ್ಟಣದ ಕಾಲೇಜಿನಲ್ಲಿ ಚಿತ್ರಕಲೆ ಓದುತ್ತಿತ್ತು. ಎರಡು ವರ್ಷ ಮುಗಿದಿತ್ತು. ಮೂರನೆಯದು ಶುರುವಾಗುವ ಮೊದಲು, ಬೇಸಿಗೆಯಲ್ಲಿ ಬರೆದ ಚಿತ್ರಗಳನ್ನೆಲ್ಲ ಗೋಡೆಗೆ ಹಾಕಿ, ಅವುಗಳ ಮುಂದೆ ನಿಂತು, ಇದು ಹೀಗೇಕೆ ಎಂದು ಹೇಳಬೇಕು. ರಜಕ್ಕೆ ಮುಂಚೆ ಹಾರಿಜಾನೊವ್ ಮೇಷ್ಟ್ರು ಅವಳನ್ನು ಪಕ್ಕಕ್ಕೆ ಕರೆದಿದ್ದರು.

“ನಿನ್ನ ಚಿತ್ರದಲ್ಲಿ ತಪ್ಪಿಲ್ಲ ಬಿಸೆರಾ. ಅದೇ ನನ್ನ ಚಿಂತೆ. ಈ ಬೇಸಿಗೇಲಿ ಜನರ ಮುಖ ಬರ್ಕೊಂಡು ಬಾ. ಅವೂ ಹೀಗೇ ಇದ್ರೆ ನಿನ್ನನ್ನ ಅಕ್ಷರ ಬರೆಯೋ ವಿಭಾಗಕ್ಕೆ ಕಳಿಸ್ತೀನಿ. ಅಕ್ಷರಕ್ಕೆ ತಪ್ಪಿಲ್ಲದಿದ್ರೆ ಸಾಕು.”

ಬೋರ್ಡು ಬರೆಯುವುದು ಕೆಟ್ಟ ಕಸುಬೇನಲ್ಲ. ಆದರೆ ಬಿಸೆರಾಗೆ ಬೇಕಾಗಿದ್ದದ್ದು ಮುಖ.

ಬೇಸಿಗೆಯಲ್ಲಿ ಕದಲದೆ ಕೂರುವ ಪುಣ್ಯಾತ್ಮರು ಎಲ್ಲಿ ಸಿಗುತ್ತಾರೆ? ಅವಳು ಸುಲಭದ ದಾರಿ ಹಿಡಿದಳು. ಅಮ್ಮನ ಅಂಗಡಿಯ ಡ್ರಾಯರಿನಲ್ಲಿ ಉಳಿದಿದ್ದ ನೆರೆಹೊರೆಯವರ ಫೋಟೊಗಳನ್ನು ಆರಿಸಿಕೊಂಡು, ಒಂದೊಂದನ್ನೂ ದೊಡ್ಡ ಹಾಳೆಗೆ ಪೆನ್ಸಿಲಿನಲ್ಲಿ ಇಳಿಸಿದಳು.

ಸೆಪ್ಟೆಂಬರಿನಲ್ಲಿ ಒಂದು ಮಧ್ಯಾಹ್ನ, ದೂರದಿಂದ ಹೇಗೆ ಕಾಣುತ್ತವೆ ನೋಡೋಣವೆಂದು, ತಾವಿದ್ದ ಕಟ್ಟಡದ ಕೆಳಗಿನ ಹಜಾರದಲ್ಲಿ ಅವನ್ನು ಸಾಲಾಗಿ ಅಂಟಿಸಿದಳು. ಗೋಡೆ ಸಾಲದೆ ಕೊನೆಯದನ್ನು ಮುಂಬಾಗಿಲ ಗಾಜಿಗೆ ಹಾಕಿದಳು. ಹಿಂದೆ ಸರಿದು, ಅಂಚೆಡಬ್ಬಿಗಳಿಗೆ ಒರಗಿ, ಸಂತೆಯಲ್ಲಿ ತನ್ನದೇ ಸರಕಿಗೆ ತಾನೇ ಗಿರಾಕಿಯಾದವಳಂತೆ ನೋಡಿದಳು. ಕಾಲರುಗಳು ಚೆನ್ನಾಗಿವೆ. ಗದ್ದದ ಕೆಳಗಿನ ನೆರಳಿಗೆ ಯಾರೂ ಹೆಸರಿಡುವಂತಿಲ್ಲ. ಆದರೂ ಸಾಲಿನುದ್ದಕ್ಕೆ ನಡೆದರೆ, ಇಷ್ಟು ಜನ ಪರಿಚಯದವರಲ್ಲಿ ಒಬ್ಬರೂ ಅವಳನ್ನು ಮಾತಾಡಿಸಲಿಲ್ಲ. ತಪ್ಪನ್ನು ಮೊದಲು ಹಜಾರದ ಬೆಳಕಿನ ಮೇಲೆ ಹಾಕಿದಳು, ಆಮೇಲೆ ಕಾಗದದ ಮೇಲೆ. ಅಷ್ಟರಲ್ಲಿ ಹಸಿವಾಯಿತು. ಎಲ್ಲವನ್ನೂ ಅಲ್ಲೇ ಬಿಟ್ಟು ಊಟಕ್ಕೆ ಮೇಲೆ ಹೋದಳು.

ಆಗ ಬಂದವನು ಕೆಳಮನೆಯ ಮಿಂಚೊ ಮಾಮ, ಊರಾಚೆಯ ತನ್ನ ತೋಟದಿಂದ ದಪ್ಪ ಮೆಣಸಿನಕಾಯಿಯ ಪೆಟ್ಟಿಗೆ ಹೊತ್ತುಕೊಂಡು. ಬಾಗಿಲ ಮೇಲೆ ನೆರೆಯ ತ್ಸೊನ್ಕಾಳ ಮುಖ. ಎದುರಿಗೆ ನೋಡುವ, ಬಾಯಿ ಮುಚ್ಚಿದ, ಕಪ್ಪುಬಿಳುಪು ಮುಖ. ಬಾಗಿಲ ಮೇಲೆ ಅಂಥ ಮುಖ ಇದ್ದರೆ ಕೆಳಗೆ ಏನು ಬರೆದಿದೆಯೆಂದು ಯಾರು ಓದುತ್ತಾರೆ? ಸಾವಿನ ಹಾಳೆಯೆಂದೇ ತಿಳಿದು ಮಿಂಚೊ ಪೆಟ್ಟಿಗೆ ಇಳಿಸಿ ಟೋಪಿ ತೆಗೆದ. ತ್ಸೊನ್ಕಾ ಅವನ ಮೇಲ್ಮನೆಯವಳು. ಅವಳ ಬಟ್ಟೆ ಒಗೆದ ನೀರು ಅವನ ಬಾಲ್ಕನಿಗೆ ಸುರಿದ ಜಗಳದಿಂದ ಇಬ್ಬರಿಗೂ ವರ್ಷಗಟ್ಟಲೆ ಮಾತಿರಲಿಲ್ಲ. ಆದರೆ ಸಾವಿನ ಮುಂದೆ ನೀರಿನ ಜಗಳ ಎಷ್ಟರದು? ಕಟ್ಟಡದ ಮುಂದಿನ ಪಾತಿಯಿಂದ ನಾಲ್ಕು ಡೇರೆ ಹೂ ಕಿತ್ತುಕೊಂಡು, ಅತ್ತಿತ್ತ ನೋಡದೆ ಮೆಟ್ಟಿಲು ಹತ್ತಿದ. ಸತ್ತವರಿಗೆ ಸರಿಸಂಖ್ಯೆಯ ಹೂ, ಬದುಕಿರುವವರಿಗೆ ಬೆಸ. ಅದು ಹಾಲು ಕುಡಿಯುವ ಮಗುವಿಗೂ ಗೊತ್ತು.

ತ್ಸೊನ್ಕಾಳ ಬಾಗಿಲಿಗೆ ಎದುರು ಬಾಗಿಲು ಬಿಸೆರಾಳದು. ಯಾರೋ ಮೆಲ್ಲಗೆ ತಟ್ಟುವ ಸದ್ದು ಕೇಳಿ, ಸೂಪಿನ ಚಮಚ ಕೈಯಲ್ಲಿರುವಂತೆಯೇ ಅವಳು ಇಣುಕಿದಳು. ಬಾಗಿಲು ತೆರೆದದ್ದು ತ್ಸೊನ್ಕಾಳೇ. ಮಿಂಚೊ ಅವಳನ್ನು ನೋಡಿದ, ಹೂವನ್ನು ನೋಡಿದ. ಒಂದನ್ನು ಎಳೆದು ಕೋಟಿನ ಜೇಬಿಗೆ ಹಾಕಿಕೊಂಡು ಮೂರನ್ನು ಮುಂದೆ ಚಾಚಿದ.

“ಏನಿದು?”

“ಹೂವು.”

“ಅದು ಕಾಣ್ತಿದೆ. ನಾನೇ ನೆಟ್ಟಿದ್ದು. ಜೇಬಿಗೆ ಹೋಗಿದ್ದು ಯಾರಿಗೆ?”

“ಅದೂ ನಿನಗೇ ತಂದಿದ್ದು. ಆದ್ರೆ ನೀನು ಇದೀಯಲ್ಲ.”

“ನಾನಿರೋದು ನಿನಗೆ ತೊಂದರೆ ಆಯ್ತೇನಪ್ಪ?”

“ಬಾಗಿಲ ಮೇಲೆ ನಿನ್ನ ಹಾಕಿದಾರೆ, ತ್ಸೊನ್ಕಾ. ನನ್ನ ಮೇಲೆ ಕೂಗಬೇಡ.”

ಬಿಸೆರಾ ಚಮಚ ಅಲ್ಲೇ ಇಟ್ಟು ಹೊರಬಂದಳು. ಮೂವರೂ ಕೆಳಗಿಳಿದರು. ತ್ಸೊನ್ಕಾ ಸೊಂಟದ ಮೇಲೆ ಕೈಯಿಟ್ಟು ತನ್ನ ಮುಖವನ್ನು ಬಹಳ ಹೊತ್ತು ನೋಡಿದಳು.

“ಚೆನ್ನಾಗಿ ಸಾಯಿಸಿದೀಯ ಕಣೇ ಹುಡುಗಿ. ತಲೆ ಬಾಚಿ, ಕಾಲರ್ ಸರಿಮಾಡಿ.”

“ಗುರುತಿನ ಚೀಟಿ ಫೋಟೊ ನೋಡಿ ಬರೆದೆ, ಅತ್ತೆ.”

“ಅವತ್ತು ನಿಮ್ಮಮ್ಮ ನಗಬೇಡಿ, ಅಲ್ಲಾಡಬೇಡಿ, ಮಾತಾಡಬೇಡಿ ಅಂದಿದ್ಲು. ಆ ಮೂರೂ ಬಿಟ್ರೆ ನನ್ನಲ್ಲಿ ಇನ್ನೇನು ಉಳಿಯುತ್ತೆ?”

“ನೆಮ್ಮದಿ,” ಅಂದ ಮಿಂಚೊ.

ಬಿಸೆರಾ ಸಾಲಿನ ಕಡೆ ತಿರುಗಿದಳು. ಎಲ್ಲರ ಕಣ್ಣೂ ಒಂದೇ ಕಡೆ ನೆಟ್ಟಿತ್ತು. ಎಲ್ಲಿಗೆಂದು ಅವಳಿಗೆ ಗೊತ್ತು: ಅಮ್ಮನ ಕ್ಯಾಮೆರಾದ ಹಿಂದೆ ತೂಗುಹಾಕಿದ್ದ ಕ್ಯಾಲೆಂಡರಿಗೆ. ಹಾಲಿನವಳು, ಬಸ್ಸಿನ ಡ್ರೈವರು, ಗಣಿತದ ಟೀಚರು, ಎಲ್ಲರೂ ಅದನ್ನೇ ನೋಡುತ್ತ ಕೂತಿದ್ದರು. ಅವಳು ಬೇಸಿಗೆಯಿಡೀ ಇಳಿಸಿದ್ದು ಅಮ್ಮನ ಅಪ್ಪಣೆಯನ್ನು. ಚಿಕ್ಕಂದಿನಲ್ಲಿ ಬರೆದ ಕೋಳಿಗೆ ಮೂರು ಕಾಲಿದ್ದವು, ಓಡುವ ಕೋಳಿಗೆ ಎಷ್ಟು ಕಾಲೆಂದು ಎಣಿಸುವವರಾರು? ಆದರೂ ಅದು ಯಾರ ಮನೆಯ ಕೋಳಿಯೆಂದು ಬೀದಿಯವರೆಲ್ಲ ಹೇಳುತ್ತಿದ್ದರು.

“ಅತ್ತೆ, ಸ್ವಲ್ಪ ಕೂತ್ಕೊತೀರಾ? ಬರ್ಕೊತೀನಿ.”

“ಪುರುಸೊತ್ತೆಲ್ಲಿ? ಮೆಣಸಿನಕಾಯಿ ಸುಡೋದಿದೆ. ಬೇಕಾದ್ರೆ ಹಿತ್ತಲಿಗೆ ಬಾ. ಮಿಂಚೊ, ನಿನ್ನ ಪೆಟ್ಟಿಗೇನೂ ತಗೊಂಡು ಬಾ, ಒಂದೇ ಬೆಂಕಿ ಸಾಕು.”

ಹಿತ್ತಲಲ್ಲಿ ತ್ಸೊನ್ಕಾ ಒಂದು ಕ್ಷಣವೂ ಸುಮ್ಮನಿರಲಿಲ್ಲ. ಹೊಗೆಗೆ ಒಂದು ಕಣ್ಣು ಮುಚ್ಚುತ್ತಿತ್ತು, ಬಾಯಿ ಮಾತ್ರ ಮುಚ್ಚುತ್ತಿರಲಿಲ್ಲ. ಹಳೆಯ ನೀರಿನ ಲೆಕ್ಕವನ್ನೆಲ್ಲ ಅವಳು ಮಿಂಚೊನ ಮುಂದೆ ತೆರೆದಳು. ಅವನು ಸುಟ್ಟ ಮೆಣಸಿನಕಾಯಿಯ ಸಿಪ್ಪೆ ಸುಲಿಯುತ್ತ ಕೇಳಿದ. ಬಿಸೆರಾ ಹಾಳೆ ಮೇಲೆ ಹಾಳೆ ಕೆಡಿಸಿದಳು. ಕತ್ತಲಾಗುವ ಹೊತ್ತಿಗೆ ಒಂದು ಉಳಿಯಿತು.

“ಕಿವಿ ಆನೆದು,” ಅಂದಳು ತ್ಸೊನ್ಕಾ. “ಉಳಿದಿದ್ದು ನಾನೇ.”

“ಬಾಗಿಲಲ್ಲಿರೋ ಆ ಹಳೇದನ್ನ ಹರಿದುಹಾಕ್ತೀನಿ, ಅತ್ತೆ.”

“ಯಾಕೆ ಹರೀತೀಯ? ನನಗೆ ಕೊಡು, ಎತ್ತಿಡ್ತೀನಿ. ಒಂದಿನ ಹೇಗೂ ಬೇಕಾಗುತ್ತೆ.”

ತರ್ನೊವೊದಲ್ಲಿ ಬಿಸೆರಾ ಉಳಿದ ಮುಖಗಳನ್ನೆಲ್ಲ ಸಾಲಾಗಿ ಹಾಕಿ, ಕೊನೆಯಲ್ಲಿ ಹಿತ್ತಲಿನ ತ್ಸೊನ್ಕಾಳನ್ನು ಹಾಕಿದಳು. ಹೇಳು ಎಂದಾಗ, “ಮೊದಲಿನವು ನಮ್ಮಮ್ಮ ಕೂರಿಸಿದ್ದು. ನಾನು ನೋಡಿ ಬರೆದಿದ್ದು ಕೊನೇದೊಂದೇ,” ಎಂದಳು.

ಹಾರಿಜಾನೊವ್ ಮೇಷ್ಟ್ರು ಕೈ ಹಿಂದೆ ಕಟ್ಟಿಕೊಂಡು ಸಾಲಿನುದ್ದಕ್ಕೂ ನಿಲ್ಲದೆ ನಡೆದು, ಕೊನೆಯಲ್ಲಿ ನಿಂತರು.

“ಯಾರಿಗೋ ಬೈತಿದ್ದಾರೆ ಇವರು.”

“ಕೆಳಮನೆಯವರಿಗೆ, ಮೇಷ್ಟ್ರೆ.”

“ಚಿತ್ರದಲ್ಲಿ ಅವರಿಲ್ಲವಲ್ಲ.”

“ಪಕ್ಕದಲ್ಲೇ ಕೂತು ಕೇಳಿಸ್ಕೊತಿದ್ರು.”

“ಹೂಂ, ಗೊತ್ತಾಗುತ್ತೆ.” ಮೇಷ್ಟ್ರು ಕನ್ನಡಕ ಏರಿಸಿಕೊಂಡು ಇನ್ನಷ್ಟು ಹತ್ತಿರ ಬಗ್ಗಿದರು. “ಕಿವಿ ತಪ್ಪಾಗಿದೆ. ತುಂಬ ದೊಡ್ಡದು.”

“ಅವರೂ ಅದನ್ನೇ ಅಂದ್ರು.”

“ಈ ವರ್ಷ ನಿನಗೆ ಕಿವಿ ಬರೆಯೋದು ಕಲಿಸ್ತೀನಿ,” ಎಂದು ಹೇಳಿ ಮೇಷ್ಟ್ರು ಮುಂದಿನ ಹುಡುಗನ ಗೋಡೆಗೆ ಹೋದರು.