ಪಂಚಮಿಗೆ ಕರೆ ಬಾರದ ಮಗಳು

ಹೋದ ವರ್ಷದ ನಾಗರಪಂಚಮಿ. ಪ್ರತಿ ವರ್ಷದಂತೆ ತಮ್ಮ ಸಿದ್ದಪ್ಪ ನನ್ನನ್ನು ತವರಿಗೆ ಕರೆಯಲು ಮಸಗುಪ್ಪಿಯಿಂದ ಮೇಲವಂಕಿಗೆ ಬಂದಿದ್ದ. ಚಹಾ ಕೊಡುತ್ತಾ, "ರೇಣುಕಾ ಬಂದಾಳೇನು?" ಎಂದೆ. ಅವನು ಚಹಾದ ಬಶಿ ಕೆಳಗಿಟ್ಟು, ನಿಜ ಬಾಯಿಬಿಟ್ಟ.

ರೇಣುಕಾ ಅವನ ಕಿರಿಯ ಮಗಳು. ಪಿಯುಸಿಯಲ್ಲಿದ್ದಾಗ ನಿದ್ದೆಗೆಟ್ಟು, ಒಬ್ಬಳೇ ಮಾತಾಡತೊಡಗಿದಳು. ಗೋಕಾಕದ ಡಾಕ್ಟರು ಗುಳಿಗೆ ಕೊಟ್ಟು, ಮನೆಯಲ್ಲೇ ಇಟ್ಟುಕೊಂಡು ನೋಡಿಕೊಳ್ಳಿ ಎಂದಿದ್ದರು. ಆದರೆ ದೊಡ್ಡ ಮಗಳಿಗೆ ವರ ನೋಡುತ್ತಿದ್ದರಲ್ಲ, ಬೀಗರ ಕಣ್ಣಿಗೆ ಬೀಳಬಾರದೆಂದು ಇವಳನ್ನು ಹತ್ತರಗಿ ಕಡೆಯ ಒಂದು ಖಾಸಗಿ ಆಶ್ರಮದಲ್ಲಿ ಬಿಟ್ಟು ಬಂದಿದ್ದ. ನನಗೂ ಊರಿಗೂ "ಹುಕ್ಕೇರಿ ಹಾಸ್ಟೆಲಿನ್ಯಾಗ ಓದಾಕತ್ತಾಳ" ಎಂಬ ಸುಳ್ಳು.

ನನಗೆ ಮೈಯೆಲ್ಲ ಉರಿಯಿತು. "ಮೊಮ್ಮಕ್ಕಳನ್ನ ಕಂಡ ನನ್ನ ಕರಿಯಾಕ ಬಂದಿ. ನಿನ್ನ ಮಗಳನ್ನ ಕರಿಯಾಕ ಯಾರು ಹೋಗಬೇಕೋ? ಮೊದಲ ಗಾಡಿ ಹತ್ತರಗಿಗೆ ಹೊಡಿ" ಎಂದೆ.

ಆಶ್ರಮದ ಗೇಟಿನವರೆಗೆ ಬಂದವನು ಒಳಗೆ ಬರಲಿಲ್ಲ. "ನನ್ನ ನೋಡಿದ್ರ ಹಠ ಮಾಡ್ತಾಳಕ್ಕ" ಎಂದು ಗಾಡಿಗೆ ಒರಗಿ ನಿಂತ.

ಒಳಗೆ ಮ್ಯಾನೇಜರ್ ಹೆಮ್ಮೆಯಿಂದ ಹೇಳಿದ: "ಈಗ ಭಾಳ ಸುಧಾರಿಸ್ಯಾಳ್ರಿ ಅಕ್ಕಾರ. ಒಂದ್ ಮಾತೂ ಆಡೂದಿಲ್ಲ." ಮಾತು ನಿಂತರೆ ರೋಗ ವಾಸಿಯಾಯಿತೇ? ಅರಳು ಹುರಿದಂತೆ ಮಾತಾಡುತ್ತಿದ್ದ ಹುಡುಗಿ ಅದು. ಅವಳನ್ನು ಹೊರಗೆ ಕರೆತಂದಾಗ ನೋಡಿದರೆ ತಲೆಗೂದಲು ಕತ್ತರಿಸಿದ್ದರು, ಕಾಲು ಎಳೆದುಕೊಂಡು ನಡೆಯುತ್ತಿದ್ದಳು. ಹಬ್ಬಕ್ಕೆಂದು ಕಟ್ಟಿ ತಂದಿದ್ದ ಶೇಂಗಾ ಉಂಡಿ ಕೈಯಲ್ಲಿಟ್ಟೆ. ತಿನ್ನಲಿಲ್ಲ. ಓಢಣಿಯ ತುದಿಗೆ ಕಟ್ಟಿಕೊಂಡು, "ಪಂಚಮಿಗೆ ಅಪ್ಪ ಕರಿಯಾಕ ಬರ್ತಾನಲ್ಲ ಅತ್ತಿ, ಆಗ ತಿಂತೇನಿ" ಎಂದಳು.

ಕರೆದುಕೊಂಡು ಹೋಗುತ್ತೇನೆ ಎಂದರೆ ಮ್ಯಾನೇಜರ್, "ಬಿಟ್ಟು ಹೋದವರ ಬರಬೇಕ್ರಿ" ಎಂದ.

"ಬಿಟ್ಟು ಹೋದಾವ ನಿಮ್ಮ ಗೇಟಿನ್ಯಾಗ ನಿಂತಾನ. ಅವನು ಒಳಗ ಬರೂ ಮಟ ನಾನೂ ಇಲ್ಲೇ ಇರ್ತೇನಿ, ನನಗೂ ಒಂದು ಚಾಪಿ ಹಾಸ್ರಿ" ಎಂದು ನೆಲದ ಮೇಲೆ ಕುಳಿತೇಬಿಟ್ಟೆ.

ಕೊನೆಗೆ ಸಿದ್ದಪ್ಪ ತಲೆ ತಗ್ಗಿಸಿಕೊಂಡು ಬಂದ. ರೇಣುಕಾ ಹಠ ಮಾಡಲಿಲ್ಲ. ಗಂಟು ಬಿಚ್ಚಿ, ಉಂಡಿಯನ್ನು ಅರ್ಧ ಮುರಿದು ಅವನಿಗೆ ಕೊಟ್ಟಳು.

ಆದರೂ ಮಸಗುಪ್ಪಿಗೆ ಕರೆದೊಯ್ಯಲು ಅವನಿಗೆ ಧೈರ್ಯವಾಗಲಿಲ್ಲ. "ಬೀಗರು ಬಂದು ಹೋಗೂ ಮಟ ನಿನ್ನ ಹಂತೇಕ ಇರ್ಲಿ" ಎಂದ. ಅಂದಿನಿಂದ ರೇಣುಕಾ ನನ್ನ ಮನೆಯಲ್ಲೇ ಇದ್ದಾಳೆ. ಗೋಕಾಕದ ಡಾಕ್ಟರರ ಗುಳಿಗೆ ತಪ್ಪಿಸುವುದಿಲ್ಲ. ಮಾತು ಮತ್ತೆ ಶುರುವಾಗಿದೆ, ಕೆಲವೊಮ್ಮೆ ನನಗೇ ಸಾಕೆನಿಸುವಷ್ಟು.

ದೊಡ್ಡವಳ ಮದುವೆಯೂ ಆಯಿತು. ಈ ವರ್ಷ ಪಂಚಮಿಗೆ ಬಂದ ತಮ್ಮನನ್ನು ಬಾಗಿಲಲ್ಲೇ ನಿಲ್ಲಿಸಿ, "ಯಾರನ್ನ ಕರಿಯಾಕ ಬಂದಿ?" ಎಂದೆ.

"ನಿನ್ನ, ಅಕ್ಕಾ" ಎಂದ.

ಬಂದ ದಾರಿಯಲ್ಲೇ ಕಳಿಸಿದೆ. ಒಳಗೆ ರೇಣುಕಾ ಉಂಡಿ ಕಟ್ಟುತ್ತಿದ್ದಳು, ಕೇಳಿಸಿಕೊಂಡಿರಬೇಕು. ತವರಿನ ಹಬ್ಬ ತಪ್ಪಿತು, ತಪ್ಪಲಿ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಅವಳನ್ನು ಕರೆಯಲು ಅವನು ಬರುವವರೆಗೆ ಇಳಿಯುವುದೂ ಬೇಡ.